ಪಂಪ್ ರೂಮಿನ ಆಯುಧ ಪೂಜೆ

ಈ ಡ್ರಮ್ಮಿಗೆ ಕುಂಕುಮ ಇಡಬೇಕೋ, ಬೇಡವೋ? ಇಟ್ಟರೆ ಮುಚ್ಚಳದ ಮೇಲೋ, ಹೊಟ್ಟೆಯ ಮೇಲೋ? ಪಂಪಿಗೆ ಇಟ್ಟು ಇದಕ್ಕೆ ಇಡದಿದ್ದರೆ ಇದು ಮುನಿಸಿಕೊಳ್ಳುವುದಿಲ್ಲವೇ? ಅಷ್ಟಕ್ಕೂ ವರ್ಷವೆಲ್ಲ ನೀರನ್ನು ತಿಳಿಯಾಗಿ ಇಡುವುದು ಯಾರು, ಪಂಪೋ ಈ ಪುಡಿಯೋ?

ಹುಲಿಗೆಪ್ಪ ಪಂಪ್ ರೂಮಿನ ನಡುವೆ ನಿಂತು ತಲೆ ಕೆರೆದುಕೊಂಡ. ಮರುದಿನ ಆಯುಧ ಪೂಜೆ. ಕೆ.ಆರ್. ಪುರದ ಆಚೆಗಿನ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಈಜುಕೊಳ ನೋಡಿಕೊಳ್ಳುವುದು ಅವನ ಕೆಲಸ. ಕೊಳದ ಪಕ್ಕದಲ್ಲಿ ನಾಲ್ಕು ಮೆಟ್ಟಿಲು ಇಳಿದರೆ ಈ ಕೋಣೆ. ಒಂದು ಬಾಗಿಲು, ಅಂಗೈಯಷ್ಟು ಕಿಟಕಿ. ಒಳಗೆ ಪಂಪು, ಮರಳು ತುಂಬಿದ ಫಿಲ್ಟರ್, ಕರೆಂಟಿನ ಪೆಟ್ಟಿಗೆ. ಒಂದು ಮೂಲೆಯಲ್ಲಿ ಕ್ಲೋರಿನ್ ಪುಡಿಯ ನೀಲಿ ಡ್ರಮ್ಮು, ಎದುರು ಮೂಲೆಯಲ್ಲಿ ಆಸಿಡ್ ಕ್ಯಾನು. ಅವೆರಡನ್ನೂ ದೂರ ದೂರ ಇಡಬೇಕೆಂದು ಕೊಳದ ಗುತ್ತಿಗೆ ಹಿಡಿದ ಕಂಪನಿಯವರು ಮೊದಲ ದಿನವೇ ಹೇಳಿದ್ದರು. ಯಾಕೆ ಎಂದು ಅವನು ಕೇಳಿರಲಿಲ್ಲ. ಕೇಳುವುದು ಅವನ ಜಾಯಮಾನವಲ್ಲ.

ಇಷ್ಟು ವರ್ಷ ಅವನು ಇಲ್ಲಿ ಪೂಜೆ ಮಾಡಿದವನೂ ಅಲ್ಲ. ಈ ಸಲ ಇದು ಗಂಟು ಬಿದ್ದದ್ದು ಬೈಯಪ್ಪನಹಳ್ಳಿಯ ಅವನ ಬಾಡಿಗೆ ಮನೆಯ ಮುಂದೆ. ಕಳೆದ ಭಾನುವಾರ ಹೆಂಡತಿಯ ತಮ್ಮ ಲಕ್ಷ್ಮಿಕಾಂತ ಅಲ್ಲಿ ತನ್ನ ಆಟೋ ತೊಳೆಯುತ್ತಿದ್ದ. ತೊಳೆಯುತ್ತಾ, ಸುಮ್ಮನಿರಲಾರದೆ ಕೇಳಿದ:

"ಮಾವಾ, ಹಬ್ಬಕ್ಕ ನಾ ಆಟೋ ಪೂಜಿ ಮಾಡ್ತೀನಿ. ಎದುರುಮನಿ ಟೇಲರ್ ಮಷಿನ್ ಪೂಜಿ ಮಾಡ್ತಾನ. ನಿಂದು ಆಯುಧ ಯಾವುದು? ಆ ಚಿಟ್ಟಿ ಹಿಡಿಯೋ ಬಲಿ ಏನು?"

ಹುಲಿಗೆಪ್ಪ ಬಾಯಿ ತೆರೆಯುವ ಮೊದಲೇ ಹೆಂಡತಿ ಸುಭದ್ರಮ್ಮ ಒಳಗಿನಿಂದ ಉತ್ತರ ಕೊಟ್ಟಳು. "ಅವರದೇನ್ ಕೆಲಸಪಾ! ನೀರಾಗ ಎಲಿ ಬಿದ್ರ ತೆಗಿಯೂದು. ಬೀಳಲಿಲ್ಲಂದ್ರ, ಬೀಳೂತನಕ ಕಾಯೂದು."

ಅಕ್ಕ ತಮ್ಮ ಇಬ್ಬರೂ ನಕ್ಕರು. ಕೊಪ್ಪಳದ ಕಡೆಯ ನಗು, ಓಣಿಯ ತುದಿಗೂ ಕೇಳಿಸುವಂಥದ್ದು. ಟೇಲರ್ ಕೂಡ ಮಷಿನ್ ನಿಲ್ಲಿಸಿ ನಕ್ಕ. ಹುಲಿಗೆಪ್ಪ ಸಾಮಾನ್ಯವಾಗಿ ಇಂಥದ್ದಕ್ಕೆಲ್ಲ ಚಹಾ ಕುಡಿದು ಸುಮ್ಮನಾಗುವವನು. ಅವತ್ತು ಯಾಕೋ ಲೋಟ ಕೆಳಗಿಟ್ಟು ಹೇಳಿಬಿಟ್ಟ: "ಹಬ್ಬದ ದಿನ ಇಬ್ಬರೂ ಕೊಳದ ಕಡೆಗೇ ಬರ್ರಿ. ನನ್ನ ಆಯುಧ ಎಷ್ಟದಾವ, ನೋಡಿ ಆಮ್ಯಾಲೆ ನಗಾಡ್ರಿ."

ಹೇಳಿದ ಮೇಲೆ ಮಾತು ಅವನ ಕೈಯಲ್ಲಿ ಉಳಿಯಲಿಲ್ಲ. ನಾಳೆ ಅವರು ಬರುತ್ತಾರೆ. ಒಂದೇ ಒಂದು ಸಲ, ಹೆಂಡತಿ ತನ್ನ ಕೆಲಸ ನೋಡಿ ನಗದೆ ಇರಬೇಕು. ಅವನ ಆಸೆ ಅಷ್ಟೇ. ಅದಕ್ಕಾಗಿ ಪೂಜೆ ಜೋರಾಗಿಯೇ ಆಗಬೇಕು.

"ಏನ್ ಗುರು, ಎಲ್ಲಿಗ್ ಬಂತು ಡೆಕೋರೇಷನ್ನು?"

ಬಾಗಿಲಲ್ಲಿ ಮುನೀಂದ್ರ ನಿಂತಿದ್ದರು, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ಈ ಕಟ್ಟಡಗಳು ಎದ್ದಿರುವ ನೆಲ ಒಂದು ಕಾಲಕ್ಕೆ ಅವರ ಮನೆತನದ ರಾಗಿ ಹೊಲ. ಒಂದು ಕೈಯಲ್ಲಿ ಚೀಲದ ತುಂಬ ನಿಂಬೆಹಣ್ಣು, ಇನ್ನೊಂದು ಕಂಕುಳಲ್ಲಿ ಬೂದುಗುಂಬಳಕಾಯಿ, ಅಂಗಿಯ ಜೇಬಿನಲ್ಲಿ ಕರ್ಪೂರ ಮತ್ತು ಎಳ್ಳೆಣ್ಣೆಯ ಬಾಟಲಿ.

"ಸರ್, ಇಷ್ಟೆಲ್ಲಾ ಯಾಕ್ರೀ?"

"ಸುಮ್ನಿರಪ್ಪ. ನಮ್ ತಾತನ ಕಾಲದಲ್ಲಿ ಇದೇ ಜಾಗದಲ್ಲಿ ಎತ್ತು ಕಟ್ಟಿ ನೀರೆತ್ತೋ ಕಪಿಲೆ ಬಾವಿ ಇತ್ತು. ಅದಕ್ಕೂ ವರ್ಷಾ ವರ್ಷಾ ಪೂಜೆ ಮಾಡ್ತಿದ್ವಿ. ಇದೂ ಬಾವೀನೇ, ಟೈಲ್ಸ್ ಹಾಕ್ಸಿದೀವಿ ಅಷ್ಟೇ." ಮುನೀಂದ್ರ ಮೆಟ್ಟಿಲಿಳಿದು ಬಂದು ನೀಲಿ ಡ್ರಮ್ಮಿನ ಸುತ್ತ ನಿಂಬೆಹಣ್ಣು ಜೋಡಿಸತೊಡಗಿದರು. "ಡ್ರಮ್ ಮೇಲೆ ಎಣ್ಣೆ ದೀಪ. ಮುಂದೆ ಕರ್ಪೂರ. ಇಲ್ಲೇ ಕುಂಬಳಕಾಯಿ ಒಡೆದುಬಿಟ್ರೆ ಇಡೀ ಸ್ವಿಮ್ಮಿಂಗ್ ಪೂಲ್ ದೃಷ್ಟಿ ಹೋಗ್ಬೇಕು. ಹೆಂಗೆ?"

"ಭಾಳ ಚಲೋ ಆಕ್ಕೇತ್ರಿ" ಎಂದ ಹುಲಿಗೆಪ್ಪ. ಅವನ ಸಂದೇಹ ಅರ್ಧ ಕರಗಿತು. ಓದಿದವರು, ಊರಿನವರು, ಅವರೇ ಹೇಳುತ್ತಿದ್ದಾರೆ. ಇನ್ನು ಉಳಿದದ್ದು ಆಯುಧಗಳನ್ನು ಹೊಳೆಯುವಂತೆ ಮಾಡುವುದು. ಪುಡಿ ಅಳೆಯುವ ಮಗ್ಗಿನ ತಳದಲ್ಲಿ ಬಿಳಿ ಹಕ್ಕಳೆ ಕಟ್ಟಿತ್ತು. ಊರಲ್ಲಿ ಅವ್ವ ಹಬ್ಬಕ್ಕೆ ಹಿತ್ತಾಳೆ ತಂಬಿಗೆಯನ್ನು ಹೇಗೆ ಬೆಳಗುತ್ತಿದ್ದಳು? ನಿಂಬೆಹಣ್ಣು ಹಿಂಡಿ. ಅವನು ಒಂದು ಹಣ್ಣು ಕೊಯ್ದ. ಮಗ್ಗಿನೊಳಗೆ ಹಿಂಡಿದ.

ಮಗ್ಗು ಚುಂಯ್ ಎಂದಿತು.

ತಂಬಿಗೆ ಯಾವತ್ತೂ ಹಾಗೆ ಅಂದಿರಲಿಲ್ಲ. ಹುಲಿಗೆಪ್ಪ ಮಗ್ಗನ್ನು ನೋಡಿದ. ಆಮೇಲೆ ಮೂಗಿನೊಳಗೆ ಯಾರೋ ಸೂಜಿ ಚುಚ್ಚಿದ ಹಾಗಾಯಿತು. ಕಣ್ಣು ಉರಿಯಿತು. ಗಂಟಲು ಹಿಡಿದುಕೊಂಡಿತು. ಪಕ್ಕದಲ್ಲಿ ಮುನೀಂದ್ರ ಕೆಮ್ಮಿದರು, ಸೀನಿದರು, ಮತ್ತೆ ಕೆಮ್ಮಿದರು.

"ಅರೆ, ಏನ್ ಮಾಡ್ತಿದೀರಾ ಇಬ್ರೂ! ಎಲ್ಲಾ ಅಲ್ಲೇ ಬಿಟ್ಟು ಹೊರಗ್ ಬನ್ನಿ! ಓಡ್ ಬನ್ನಿ!"

ಕೂಗಿದವಳು ಶಿರೀನ್. ಕೊಳ ನೋಡಿಕೊಳ್ಳುವ ಕಂಪನಿಯ ಟೆಕ್ನಿಷಿಯನ್, ಶಿವಾಜಿನಗರದವಳು. ಹಬ್ಬದ ರಜೆಗೆ ಮುಂಚೆ ಪಂಪ್ ನೋಡಿ ಹೋಗಲು ಬಂದಿದ್ದಳು. ಹೆಲ್ಮೆಟ್ ಇನ್ನೂ ತಲೆಯ ಮೇಲೇ ಇತ್ತು. ಬಾಗಿಲನ್ನು ಪೂರ್ತಿ ತೆರೆದು ಹಿಡಿದಳು, ಒಳಗೆ ಮಾತ್ರ ಕಾಲಿಡಲಿಲ್ಲ.

ಹುಲಿಗೆಪ್ಪ ಮಗ್ಗು ಬಿಟ್ಟು ಮೆಟ್ಟಿಲು ಹತ್ತಿದ. ಮುನೀಂದ್ರ ಅರ್ಧ ಹತ್ತಿ ನಿಂತರು.

"ನನ್ ಕುಂಬಳಕಾಯಿ!"

"ಅದಕ್ಕೆ ಉಸಿರಾಟ ಇಲ್ಲ ಸಾರ್! ನಿಮಗಿದೆ! ಬನ್ನಿ!"

ಗಾಳಿ ಬೀಸುವ ಕಡೆ, ಹೊಂಗೆ ಮರದ ಕೆಳಗೆ ಇಬ್ಬರನ್ನೂ ಕೂರಿಸಿ, ಗಿಡಕ್ಕೆ ನೀರು ಬಿಡುವ ಪೈಪಿನಿಂದ ಕಣ್ಣು ತೊಳೆಸಿದಳು. ತೊಳೆದಷ್ಟೂ ಸಾಲದು ಎಂದಳು, ಮತ್ತೆ ಮತ್ತೆ ತೊಳೆಸಿದಳು. ಮುನೀಂದ್ರರ ಕಣ್ಣಲ್ಲಿ ಧಾರಾಕಾರ ನೀರು. ವಾಕಿಂಗ್ ಬಂದಿದ್ದ ಹೆಂಗಸೊಬ್ಬರು ಅದನ್ನು ನೋಡಿ ನಿಂತರು. ದನಿ ತಗ್ಗಿಸಿ ಕೇಳಿದರು:

"ಯಾರ್ ಹೋಗ್ಬಿಟ್ರು ಸಾರ್?"

"ಯಾರೂ ಹೋಗಿಲ್ಲಮ್ಮ. ಒಂದು ನಿಂಬೆಹಣ್ಣು ಹೋಯ್ತು" ಎಂದರು ಮುನೀಂದ್ರ, ಮೂಗು ಒರೆಸಿಕೊಳ್ಳುತ್ತಾ.

ಉಸಿರು ಸರಿಹೋದ ಮೇಲೆ ಶಿರೀನ್ ಕೇಳಿದಳು. "ಎದೆ ಹಿಡ್ಕೊಂಡಿದ್ಯಾ? ಉಸಿರು ಕಟ್ತಿದ್ಯಾ? ಹಾಗೇನಾದ್ರೂ ಇದ್ರೆ ಈಗ್ಲೇ ಆಸ್ಪತ್ರೆಗೆ ಹೋಗೋಣ, ನಾಚ್ಕೋಬೇಡಿ."

ಇಬ್ಬರೂ ಇಲ್ಲ ಎಂದರು. ಹುಲಿಗೆಪ್ಪ ಮೆಲ್ಲಗೆ ಬಾಯಿ ಬಿಟ್ಟ. "ಅಕ್ಕಾರ, ಆಸಿಡ್ ಕ್ಯಾನ್ ನಾ ಮುಟ್ಟೇ ಇಲ್ರಿ. ಬರೇ ಒಂದು ನಿಂಬಿಹಣ್ಣು."

"ನಿಂಬೆಹಣ್ಣು ಹುಳಿ ತಾನೆ ಹುಲಿಗೆಪ್ಪಣ್ಣ? ಹುಳಿ ಅಂದ್ರೇನೇ ಆಸಿಡ್ಡು. ಆ ಪುಡಿ ಇದೆಯಲ್ಲ, ಅದು ಮೂಗಿನ ತುದೀಲಿ ಕೋಪ ಇಟ್ಕೊಂಡಿರೋ ಅತ್ತೆ ಥರ. ಹುಳಿ ತಾಗಿದ್ರೆ ವಿಷದ ಗ್ಯಾಸ್ ಬಿಡತ್ತೆ. ಎಣ್ಣೆ, ತುಪ್ಪ ತಾಗಿದ್ರೆ ತಾನೇ ಹೊತ್ಕೊಂಡು ಉರಿಯತ್ತೆ, ಕಡ್ಡಿ ಗೀರೋದೇ ಬೇಡ. ಮಗ್ಗಿನ ತಳದಲ್ಲಿ ಚಿಟಿಕೆ ಪುಡಿ ಇತ್ತು, ಇಷ್ಟು ಮಾಡ್ತು. ಇನ್ನು ಡ್ರಮ್ ತುಂಬಾ ಇದೆ. ಸಾರ್ ಜೇಬಲ್ಲಿ ಎಣ್ಣೆ ಬಾಟಲಿ ಬೇರೆ! ಅದರ ಮೇಲೆ ದೀಪ ಹಚ್ಚೋಕ್ ಹೊರಟಿದ್ರಾ?"

ಮುನೀಂದ್ರ ಜೇಬಿನಿಂದ ಎಳ್ಳೆಣ್ಣೆಯ ಬಾಟಲಿ ತೆಗೆದು, ಅದೇನೋ ಹಾವಿನ ಮರಿ ಎಂಬಂತೆ ದೂರದ ಕಟ್ಟೆಯ ಮೇಲೆ ಇಟ್ಟು ಬಂದರು. "ನಾನೇನೋ ದೃಷ್ಟಿ ತೆಗೆಯೋಣ ಅಂತಿದ್ದೆ. ಬಿಲ್ಡಿಂಗ್ ತೆಗೆದುಬಿಡ್ತಿದ್ದೆ."

"ಆದರ ಅಕ್ಕಾರ" ಎಂದ ಹುಲಿಗೆಪ್ಪ. ಅವನ ಸಂದೇಹ ಇನ್ನೂ ಪೂರ್ತಿ ಸತ್ತಿರಲಿಲ್ಲ. "ಇಷ್ಟು ವರ್ಷ ಈ ಪುಡಿ ಮುಟ್ಟೀನಿ, ಏನೂ ಆಗಿಲ್ಲಲ್ರಿ."

"ಆಗ್ಲಿಲ್ಲ ಯಾಕೆ ಅಂದ್ರೆ, ಇಷ್ಟು ವರ್ಷ ನೀವು ಪೂಜೆ ಮಾಡಿರ್ಲಿಲ್ಲ!"

ವಾಸನೆ ಪೂರ್ತಿ ಹೋಗುವ ತನಕ ಶಿರೀನ್ ಯಾರನ್ನೂ ಒಳಗೆ ಬಿಡಲಿಲ್ಲ. ಆಮೇಲೆ ಮಾಸ್ಕು, ಗ್ಲೌಸು, ಕನ್ನಡಕ ಹಾಕಿಕೊಂಡು ತಾನೇ ಇಳಿದು, ನಿಂಬೆಹಣ್ಣುಗಳನ್ನೆಲ್ಲ ಹೊರಗೆ ತಂದಳು. ಮಗ್ಗನ್ನು ದೊಡ್ಡ ಬಕೆಟ್ ನೀರಿನಲ್ಲಿ ಮುಳುಗಿಸಿದಳು. ಕುಂಬಳಕಾಯಿಯನ್ನು ಮುನೀಂದ್ರರ ಕೈಗೇ ಕೊಟ್ಟಳು.

ಹುಲಿಗೆಪ್ಪ ಮರದ ಕೆಳಗೇ ಕುಳಿತಿದ್ದ. ನಾಳೆ ಸುಭದ್ರಮ್ಮ ಬರುತ್ತಾಳೆ, ಲಕ್ಷ್ಮಿಕಾಂತ ಬರುತ್ತಾನೆ. ಪೂಜೆ ಇಲ್ಲ ಎಂದರೆ ಆ ನಗು ಕೆ.ಆರ್. ಪುರದಿಂದ ಬೈಯಪ್ಪನಹಳ್ಳಿವರೆಗೆ ದಾರಿಯುದ್ದಕ್ಕೂ ಕೇಳಬೇಕಾಗುತ್ತದೆ. ಅವನು ಹೇಳದಿದ್ದರೂ ಶಿರೀನ್‌ಗೆ ಅರ್ಥವಾಯಿತೋ ಏನೋ.

"ಪೂಜೆ ಬೇಡ ಅಂದ್ನಾ ನಾನು? ಆ ರೂಮಲ್ಲಿ ಬೇಡ ಅಂದೆ. ಬಲೆ, ಕೋಲು, ಬ್ರಷ್ಷು, ಪೈಪು, ಎಲ್ಲಾ ಇಲ್ಲಿ ಹೊರಗೆ ತಂದು ಜೋಡಿಸಿ. ನಿಂಬೆಹಣ್ಣು ಅವಕ್ಕಿಡಿ. ದೀಪಾನೂ ಹಚ್ಚಿ. ಪುಡಿಗೂ ಆಸಿಡ್ಡಿಗೂ ಮಾತ್ರ ಬಾಗಿಲ ಹೊರಗಿಂದ ಒಂದು ನಮಸ್ಕಾರ. ಸಾಕು."

ಮರುದಿನ ಬೆಳಿಗ್ಗೆ ಕೊಳದ ಪಕ್ಕದ ಹುಲ್ಲಿನ ಮೇಲೆ ಬಾಳೆ ಎಲೆ ಹಾಸಿ ಹುಲಿಗೆಪ್ಪ ಆಯುಧಗಳನ್ನು ಇಟ್ಟ. ಉದ್ದನೆಯ ಕೋಲು, ಎಲೆ ತೆಗೆಯುವ ಬಲೆ, ಗೋಡೆ ಉಜ್ಜುವ ಬ್ರಷ್ಷು, ತಳದ ಕೆಸರು ಹೀರುವ ವ್ಯಾಕ್ಯೂಮು, ಅದರ ಹಾವಿನಂಥ ಪೈಪು, ಸ್ಪ್ಯಾನರುಗಳು, ನೀರು ಪರೀಕ್ಷೆಯ ಪುಟ್ಟ ಪೆಟ್ಟಿಗೆ. ಎಲ್ಲಕ್ಕೂ ಚೆಂಡುಹೂ. ಎಲ್ಲಕ್ಕೂ ಕುಂಕುಮ.

ಲಕ್ಷ್ಮಿಕಾಂತ ಹೂವಿನ ಹಾರ ಹಾಕಿದ ಆಟೋದಲ್ಲಿ ಅಕ್ಕನನ್ನು ಕರೆತಂದ. ಸುಭದ್ರಮ್ಮ ಹೊಸ ಸೀರೆ ಉಟ್ಟಿದ್ದಳು. ಕೈಯಲ್ಲಿ ಎಣ್ಣೆ ತುಂಬಿದ ಹಿತ್ತಾಳೆ ದೀಪ. ಒಂದೊಂದನ್ನೂ ನೋಡಿದಳು. ನಗಲಿಲ್ಲ, ಆದರೆ ಒಪ್ಪಲೂ ಇಲ್ಲ.

"ಮತ್ತ ಆ ಮೋಟರು, ಪುಡಿ, ಅದೆಲ್ಲಾ ಎಲ್ಲೈತ್ರಿ?"

"ಕೆಳಗ, ರೂಮಿನ್ಯಾಗ ಐತಿ."

"ಮುಖ್ಯದ್ದೇ ಬಿಟ್ರ ಪೂಜಿ ಹೆಂಗಾಕ್ಕೇತಿ? ಬಾಜೂಕ ಸರೀರಿ, ನಾನೇ ದೀಪ ಇಟ್ಟು ಬರ್ತೀನಿ."

ದೀಪ ಹಚ್ಚಿಕೊಂಡು ಅವಳು ಮೆಟ್ಟಿಲ ಕಡೆ ನಡೆದೇಬಿಟ್ಟಳು. ಹುಲಿಗೆಪ್ಪ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತ, ಎರಡೂ ಕೈ ಚಾಚಿ. ಮದುವೆಯಾದ ಮೇಲೆ ಅವನು ಹೆಂಡತಿಗೆ ಅಡ್ಡ ನಿಂತದ್ದು ಅದೇ ಮೊದಲು. ಸುಭದ್ರಮ್ಮನಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಯಿತು.

"ಯಾಕ್ರೀ? ಒಳಗ ಯಾರನ್ನ ಬಚ್ಚಿಟ್ಟೀರಿ?"

ಲಕ್ಷ್ಮಿಕಾಂತ ಆಗಲೇ ನಗಲು ತಯಾರಾಗಿದ್ದ. ಹುಲಿಗೆಪ್ಪ ಬಾಗಿಲಿಗೆ ಬೆನ್ನು ಒತ್ತಿ ನಿಂತ. ಸುಮ್ಮನಿದ್ದರೆ ಅವಳು ಒಳಗೆ ಹೋಗುತ್ತಾಳೆ. ಮಾತಾಡಲೇಬೇಕು. ಅವನು ಮಾತಾಡಿದ.

"ಸುಭದ್ರಾ, ದೀಪ ಹುಲ್ಲಿನ ಕಡೆ ಇಟ್ಟು ಬಾ. ಒಳಗ ಇರೂ ಪುಡಿಗೆ ಎಣ್ಣಿ ತಾಗಿದ್ರ ಬೆಂಕಿ ಹತ್ತತೈತಿ. ಹುಳಿ ತಾಗಿದ್ರ ಗ್ಯಾಸ್ ಬರ್ತೈತಿ. ನಿನ್ನಿ ಒಂದ್ ನಿಂಬಿಹಣ್ಣಿಗೇ ನಾನೂ ಸೆಕ್ರೆಟರಿ ಸಾಹೇಬ್ರೂ ಅತ್ತೀವಿ. ಪುಡಿಗೊಂದು ಮಗ್ಗು, ಆಸಿಡ್ಡಿಗೊಂದು ಮಗ್ಗು, ಬ್ಯಾರೆ ಬ್ಯಾರೆ. ಎರಡೂ ಒಣಗಿರಬೇಕು. ಪುಡಿ ಒಯ್ದು ನೀರಿಗೆ ಹಾಕಬೇಕು, ನೀರು ತಂದು ಪುಡಿಗೆ ಸುರೀಬಾರದು. ಆಸಿಡ್ಡಿಗೂ ಅದೇ ಲೆಕ್ಕ."

ಒಮ್ಮೆ ಕಟ್ಟೆ ಒಡೆದ ಮೇಲೆ ನೀರು ನಿಲ್ಲುತ್ತದೆಯೇ? "ಕೊಳದಾಗಿನ ಲೈಟ್ ಕೆಟ್ರ, ಮೇನ್ ಆಫ್ ಮಾಡಿ, ಯಾರೂ ಆನ್ ಮಾಡಬ್ಯಾಡ್ರಿ ಅಂತ ಬೋರ್ಡ್ ತೂಗಹಾಕಿ ಆಮ್ಯಾಲೆ ಕೈ ಹಚ್ಚಬೇಕು. ತಳದಾಗ ನೀರು ಎಳಕೊಳ್ಳೋ ಜಾಲರಿ ಐತಿ. ಅದು ಮುರದಿತ್ತಂದ್ರ ಕೊಳ ಬಂದ್. ಯಾರೂ ಇಳಿಯಂಗಿಲ್ಲ, ಕೂದಲು, ಕಾಲು ಹಿಡಿದು ಎಳೀತೈತಿ. ನೆಲದ ಕೆಳಗ ಒಂದು ಟ್ಯಾಂಕ್ ಐತಿ. ಅದರೊಳಗ ಗಾಳಿ ಇರ್ತೈತೋ ಇಲ್ಲೋ ಹೇಳಾಕ ಬರಂಗಿಲ್ಲ, ಅದಕ್ಕ ಒಬ್ಬನೇ ಇಳಿಯಂಗಿಲ್ಲ. ಪಂಪ್ ದನಿ ಬದಲಾತಂದ್ರ ಬೇರಿಂಗ್ ಹೋಗೇತಿ ಅಂತ ಕಿವಿಲೇ ತಿಳೀತೈತಿ."

ಲಕ್ಷ್ಮಿಕಾಂತನ ಬಾಯಿ ನಗಲು ತೆರೆದಿತ್ತಲ್ಲ, ಹಾಗೇ ತೆರೆದುಕೊಂಡಿತ್ತು.

"ಮತ್ತ ಇದೇನು?" ಎಂದು ಸುಭದ್ರಮ್ಮ ಪರೀಕ್ಷೆಯ ಪೆಟ್ಟಿಗೆ ತೋರಿಸಿದಳು. ಹುಲಿಗೆಪ್ಪ ಗಾಜಿನ ನಳಿಗೆಗಳಲ್ಲಿ ಕೊಳದ ನೀರು ತುಂಬಿ ಹನಿ ಹಾಕಿದ. ಒಂದು ಹಳದಿಯಾಯಿತು, ಒಂದು ಗುಲಾಬಿ.

"ಹಳದಿ ಬಣ್ಣ ನೋಡಿ ಕ್ಲೋರಿನ್ ಎಷ್ಟೈತಿ ಅಂತ ಹೇಳ್ತೀನಿ, ಗುಲಾಬಿ ನೋಡಿ ಹುಳಿ ಎಷ್ಟೈತಿ ಅಂತ. ಕ್ಲೋರಿನ್ ಹೆಚ್ಚಾದ್ರ ಮಕ್ಕಳ ಕಣ್ಣು ಉರೀತಾವ. ಕಡಿಮಿ ಆದ್ರ ಅವರ ಹೊಟ್ಟಿ ಕೆಡತೈತಿ."

"ಮಾವಾ, ಇದು ಲ್ಯಾಬಿನ್ಯಾಗ ರಕ್ತ ನೋಡಿದಂಗ ಆತಲ್ಲೋ!" ಎಂದ ಲಕ್ಷ್ಮಿಕಾಂತ.

ಸುಭದ್ರಮ್ಮ ದೀಪವನ್ನು ತಂದು ಹುಲ್ಲಿನ ಮೇಲೆ ಬಲೆಯ ಮುಂದೆ ಇಟ್ಟಳು. ಆಮೇಲೆ ಏನೋ ನೆನಪಾದವಳಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಏನ್ರೀ, ನಾ ಬಚ್ಚಲಾ ತಿಕ್ಕೂವಾಗ ಬ್ಲೀಚಿಂಗ್ ಪುಡಿ ಉದುರಿಸಿ ಮ್ಯಾಲೆ ಆಸಿಡ್ ಸುರೀತೀನಲ್ರಿ! ಬಾಗಲಾ ಹಾಕ್ಕೊಂಡು! ಕಣ್ಣಾಗ ನೀರು ಬಂದ್ರ ಬಚ್ಚಲಾ ಸ್ವಚ್ಛ ಆತು ಅಂತ ತಿಳ್ಕೊಂಡಿದ್ದೆ."

ಮುನೀಂದ್ರ ಆಗ ತಾನೇ ಕುಂಬಳಕಾಯಿ ಹೊತ್ತು ಬಂದಿದ್ದರು. "ನಮ್ಮನೇಲೂ ಹಂಗೇ ಕಣಮ್ಮ" ಎಂದು ಗೇಟಿನ ಹೊರಗೆ, ಬಹಳ ದೂರ ಹೋಗಿ, ಅದನ್ನು ಒಡೆದರು.

"ಇನ್ ಮ್ಯಾಲೆ ಒಂದಿದ್ದಲ್ಲಿ ಇನ್ನೊಂದು ಇಲ್ಲ" ಎಂದಳು ಸುಭದ್ರಮ್ಮ. ಆಮೇಲೆ ಪಂಪ್ ರೂಮಿನ ಕಡೆ ತಿರುಗಿ, ಹೊರಗಿನಿಂದಲೇ ಕೈ ಮುಗಿದಳು. "ಅಂದ್ರ ಒಳಗಿರೂದು ದೇವರಲ್ಲ, ದೆವ್ವ ಅನ್ರಿ."

"ಎರಡೂ ಅಲ್ಲ" ಎಂದ ಹುಲಿಗೆಪ್ಪ. "ಕೆಲಸ."

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈಜುಕೊಳ ನಿಮ್ಮ ಓಣಿಯಲ್ಲಿ ಇಲ್ಲದಿರಬಹುದು. ಬ್ಲೀಚಿಂಗ್ ಪುಡಿ ನಿಮ್ಮ ಬಚ್ಚಲಲ್ಲಿ ಇದ್ದೇ ಇದೆ. ಅದರ ಜೊತೆ ಆಸಿಡ್ಡನ್ನಾಗಲಿ, ಟಾಯ್ಲೆಟ್ ತೊಳೆಯುವ ದ್ರಾವಣವನ್ನಾಗಲಿ, ನಿಂಬೆ ಹುಣಸೆಯ ಹುಳಿಯನ್ನಾಗಲಿ ಎಂದೂ ಬೆರೆಸಬೇಡಿ. ತೊಳೆಯುವಾಗ ಬಾಗಿಲು, ಕಿಟಕಿ ತೆರೆದಿರಲಿ. ಇಂಥವನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ, ಖಾಲಿ ಡ್ರಮ್ಮು ಮನೆಗೆ ತಂದು ಅಕ್ಕಿ ಹಾಕಬೇಡಿ. ಗಾಟು ಬಂದರೆ ಎಲ್ಲ ಬಿಟ್ಟು ಗಾಳಿಗೆ ಓಡಿ, ಕಣ್ಣನ್ನು ಬಹಳ ಹೊತ್ತು ತೊಳೆಯಿರಿ. ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡಿ. ಒಳಗೆ ಬಿದ್ದವರನ್ನು ಎತ್ತಲು ನೀವೂ ನುಗ್ಗಬೇಡಿ. ಹಾಗೆ ನುಗ್ಗಿದರೆ ಬಿದ್ದವರು ಇಬ್ಬರಾಗುತ್ತಾರೆ, ಅಷ್ಟೇ. ಇಂಥ ಕೆಲಸ ಮಾಡುವವರಿದ್ದರೆ ಗ್ಲೌಸು, ಮಾಸ್ಕು, ಕನ್ನಡಕ ಕೇಳಿ ಪಡೆಯಿರಿ. ಅದು ದಾಕ್ಷಿಣ್ಯದ ವಿಷಯವಲ್ಲ. ಮನೆಯವರು ಯಾವ ಕೆಲಸ ಮಾಡುತ್ತಾರೆ, ಅಲ್ಲಿ ಏನೇನಿದೆ ಎಂದು ಇವತ್ತು ರಾತ್ರಿ ಊಟಕ್ಕೆ ಕುಳಿತಾಗ ಒಮ್ಮೆ ಕೇಳಿ. ಅವರು ಹೇಳುವ ತನಕ ಕೇಳಿ.

ಸುಭದ್ರಮ್ಮನೂ ಕೇಳಿದಳು. ಆಟೋ ಹತ್ತುವ ಮುಂಚೆ ಗಂಡನ ಹಣೆಗೆ ತಾನೇ ಕುಂಕುಮ ಇಟ್ಟು, "ದಿನಾ ಒಬ್ಬರೇ ಆ ರೂಮಿಗೆ ಇಳೀತೀರಲ್ಲ, ಹೆದರಿಕಿ ಆಗಂಗಿಲ್ಲೇನ್ರಿ?" ಎಂದಳು. ರೂಢಿ ಆಗೇತಿ ಎಂದ ಹುಲಿಗೆಪ್ಪ.

ಹೆದರಿಕೆಯಾಗುತ್ತದೆ ಎಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.